ಬೆಳಕಿನ ಅಳತೆಗೆ ಒಂದು ಬ್ಲೇಡು

ಕರ್ನೂಲು ಜಿಲ್ಲೆಯಲ್ಲಿ ಲೇಸರ್ ದೊಡ್ಡ ಸುದ್ದಿಯಾದದ್ದು 2025ರ ಏಪ್ರಿಲ್ 13ರಂದು. ಅಲ್ಲಿನ ಡಿಆರ್‌ಡಿಒ ಪರೀಕ್ಷಾ ಬಯಲಿನಲ್ಲಿ, ವಾಹನದ ಮೇಲೇರಿಸಿದ ಲೇಸರ್ ಆಯುಧವೊಂದು ಹಾರುತ್ತಿದ್ದ ಡ್ರೋನನ್ನು ಸುಟ್ಟು ಕೆಡವಿತು. ಆಯುಧ ರೂಪುಗೊಂಡದ್ದು ಅದೇ ಸಂಸ್ಥೆಯ ಹೈದರಾಬಾದಿನ ‘ಚೆಸ್’ ಪ್ರಯೋಗಾಲಯದಲ್ಲಿ. ಮರುದಿನದ ವರದಿಗಳೆಲ್ಲ ಎತ್ತಿ ಹೇಳಿದ ಅಂಕಿ 30 ಕಿಲೋವ್ಯಾಟ್. ಲೇಸರ್ ಕೆಲಸದವರು ಮಾತ್ರ ವ್ಯಾಟ್ ಕೇಳಿ ಸುಮ್ಮನಾಗುವ ಪೈಕಿಯವರಲ್ಲ. ಕಿರಣದ ಅಗಲ ಎಷ್ಟು, ದುಂಡಗಿದೆಯೋ ಮೊಟ್ಟೆಯಾಕಾರವೋ, ನಡುವಿನಿಂದ ಅಂಚಿಗೆ ನಯವಾಗಿ ಇಳಿಯುತ್ತದೋ ಇಲ್ಲವೋ ಎಂದು ವಿಚಾರಿಸುತ್ತಾರೆ. ಅದಕ್ಕೆ ಕಾರಣವಿದೆ. ಶಕ್ತಿ ಅಷ್ಟೇ ಇದ್ದು ಕಿರಣದ ಗುಣ ಅರ್ಧಕ್ಕೆ ಇಳಿದರೆ, ಅದೇ ಮಸೂರದ ಮುಂದೆ ಅದರ ಚುಕ್ಕೆ ಎರಡು ಪಟ್ಟು ಅಗಲವಾಗುತ್ತದೆ. ವಿಸ್ತೀರ್ಣ ನಾಲ್ಕು ಪಟ್ಟಾಗಿ, ತೀವ್ರತೆ ಕಾಲು ಭಾಗಕ್ಕೆ ಬೀಳುತ್ತದೆ.

ಅದೇ ಜಿಲ್ಲೆಯ ಪಡುವಣ ಅಂಚಿನಲ್ಲಿ, ಹೊಳೆ ದಾಟಿದರೆ ರಾಯಚೂರು ಎನ್ನುವ ಮಾಧವರಂ, ಹತ್ತಿಯ ಪೇಟೆ ಆದೋನಿ. ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುವ ಈ ಸೀಮೆಯವರಿಗೆ ಲೇಸರಿನ ಪರಿಚಯವಾಗುವುದು ಬೇರೆ ರೂಪದಲ್ಲಿ, ಇಂಟರ್ನೆಟ್ ಡಬ್ಬಿಯೊಳಗೆ. ಆಂಧ್ರ ಸರ್ಕಾರದ ಫೈಬರ್‌ಗ್ರಿಡ್ ಯೋಜನೆಯನ್ನು 2017ರ ಡಿಸೆಂಬರಿನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ್ದರು. ನೆಲ ಅಗೆಯುವ ಖರ್ಚು ಉಳಿಸಲು ಕೇಬಲನ್ನು ಕರೆಂಟ್ ಕಂಬಗಳ ಮೇಲೆಯೇ ಎಳೆದರು. ಆರಂಭದ ತಿಂಗಳ ಬಾಡಿಗೆ 149 ರೂಪಾಯಿ. ಇಂಥ ಮನೆ ಸಂಪರ್ಕಗಳಲ್ಲಿ ಸಾಮಾನ್ಯವಾಗಿ ಒಳಬರುವ ಬೆಳಕಿನ ತರಂಗಾಂತರ 1490 ನ್ಯಾನೋಮೀಟರ್, ಹೊರಹೋಗುವುದರದ್ದು 1310. ಗಾಜಿನ ಎಳೆಯ ಒಟ್ಟು ದಪ್ಪ 125 ಮೈಕ್ರಾನ್, ಅದರಲ್ಲಿ ಬೆಳಕು ಓಡುವ ತಿರುಳು ಸುಮಾರು 9 ಮೈಕ್ರಾನ್. ತಲೆಗೂದಲು ಇದರ ಐದಾರು ಪಟ್ಟಿಗಿಂತಲೂ ದಪ್ಪ. ಡಬ್ಬಿಯೊಳಗಿನ ಲೇಸರನ್ನು ಆ ತಿರುಳಿಗೆ ಎದುರುಬದುರಾಗಿ ನಿಲ್ಲಿಸಿ ಭದ್ರ ಮಾಡುವ ಕೆಲಸ ಕಾರ್ಖಾನೆಯಲ್ಲೇ ಒಮ್ಮೆ ಮುಗಿದುಹೋಗಿರುತ್ತದೆ. ಬಳಸುವವರಿಗೆ ಅದರ ಗೊಡವೆಯಿಲ್ಲ.

ಪ್ರಯೋಗಾಲಯದಲ್ಲಿ ಆ ಕೆಲಸವನ್ನು ಕೈಯಾರೆ ಮಾಡಬೇಕು. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಣಿಸಿ ಹಿಡಿದಿಡುವ ಪ್ರಯೋಗಗಳು ನಡೆಯುತ್ತವೆ. ರುಬಿಡಿಯಂ ಪರಮಾಣುವಿಗೆ 780 ನ್ಯಾನೋಮೀಟರಿನ ಬೆಳಕೇ ಬೇಕು, ಸೋಡಿಯಂಗೆ 589. ಇಂಥ ಪ್ರಯೋಗಗಳಲ್ಲಿ ಲೇಸರ್‌ಗಳು ಒಂದು ಆಪ್ಟಿಕಲ್ ಟೇಬಲ್ಲಿನ ಮೇಲಿದ್ದರೆ, ಗಾಳಿ ತೆಗೆದ ಉಕ್ಕಿನ ಕೋಶ ಇನ್ನೊಂದರ ಮೇಲಿರುತ್ತದೆ. ಉದ್ದಕ್ಕೂ ಸಾಲುಸಾಲು ತಿರುಪಿನ ತೂತುಗಳಿರುವ, ನೆಲದ ಅದುರು ತಾಕದಂತೆ ಗಾಳಿಯ ಕಾಲುಗಳ ಮೇಲೆ ನಿಂತ ಭಾರೀ ಟೇಬಲ್‌ಗಳಿವು. ಎರಡರ ನಡುವೆ ಬೆಳಕು ಸಾಗಿಸುವುದು ಫೈಬರ್. ಇದರಿಂದ ದೊಡ್ಡ ಅನುಕೂಲವೊಂದಿದೆ. ಲೇಸರ್ ಕಡೆಯ ಕನ್ನಡಿಗೆ ಯಾರದೋ ಮೊಣಕೈ ತಗುಲಿತು ಎನ್ನೋಣ. ಆ ಕಡೆ ಬೆಳಕು ಕಡಿಮೆಯಾದೀತು, ಗುರಿ ಮಾತ್ರ ಕದಲದು. ಜೊತೆಗೆ, ಬೆಳಕನ್ನು ಒಂದೇ ಆಕಾರದಲ್ಲಿ ಒಯ್ಯುವ ಏಕಮೋಡ್ ಫೈಬರಿನಿಂದ ಹೊರಬೀಳುವ ಕಿರಣ ಸದಾ ದುಂಡು, ಸದಾ ನಯ.

ಆ ನಯಕ್ಕೆ ಬೆಲೆ ತೆರಬೇಕಾದದ್ದು ಒಳಹೊಗಿಸುವಾಗ. ಮಸೂರವೆಂದರೆ ಕಡಲೆಕಾಯಿ ಎಣ್ಣೆ ಸುರಿಯುವ ಆಲಿಕೆಯಂತೆ, ಬೆಳಕನ್ನೆಲ್ಲ ಕಿರಿದಾಗಿಸಿ ತೂತಿಗೆ ಇಳಿಸುತ್ತದೆ ಎಂದು ಹೊಸಬರು ಭಾವಿಸುವುದುಂಟು. ಏಕಮೋಡ್ ಫೈಬರ್ ಹಾಗೆ ಸುರಿದದ್ದನ್ನೆಲ್ಲ ನುಂಗುವುದಿಲ್ಲ. 780 ನ್ಯಾನೋಮೀಟರಿಗೆ ಬಳಸುವ ಫೈಬರಿನೊಳಗೆ ಬೆಳಕಿನ ಸಹಜ ಹರಹು ಸುಮಾರು 5 ಮೈಕ್ರಾನ್. ಬರುವ ಚುಕ್ಕೆ ಅದೇ ಅಗಲ, ಅದೇ ಆಕಾರದಲ್ಲಿರಬೇಕು. ಚುಕ್ಕೆ ಎರಡು ಪಟ್ಟು ದೊಡ್ಡದಾದರೆ ಶೇ. 64ರಷ್ಟು ಮಾತ್ರ ಒಳಹೋಗುತ್ತದೆ. ವಿಚಿತ್ರವೆಂದರೆ, ಅರ್ಧದಷ್ಟು ಚಿಕ್ಕದಾದರೂ ನಷ್ಟ ಅಷ್ಟೇ. ಅಳತೆ ಸರಿಯಿದ್ದು ಚುಕ್ಕೆ 1 ಮೈಕ್ರಾನ್ ಪಕ್ಕಕ್ಕೆ ಸರಿದರೆ ಸುಮಾರು ಶೇ. 15 ಕೈಬಿಟ್ಟಂತೆ.

ಇದರ ಮೇಲೆ, ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಡಯೋಡ್ ಲೇಸರಿನದ್ದೇ ಒಂದು ತಕರಾರು. ಬೆಳಕು ಹೊಮ್ಮುವ ಅದರ ಬಾಯಿ ಒಂದು ಸಪೂರ ಸೀಳು. ಹಾಗಾಗಿ ಕಿರಣ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಹರಡಿ ಮೊಟ್ಟೆಯಾಕಾರ ತಾಳುತ್ತದೆ. ಉದ್ದ ಅಗಲದ ಮೂರು ಪಟ್ಟಿದ್ದರೆ, ಎಂಥ ಒಳ್ಳೆಯ ದುಂಡು ಮಸೂರ ಇಟ್ಟರೂ ಶೇ. 75ಕ್ಕಿಂತ ಹೆಚ್ಚು ದಕ್ಕದು. ಒಂದು ಜೋಡಿ ಪಟ್ಟಕವಿಟ್ಟು ಕಿರಣವನ್ನು ಒಂದೇ ದಿಕ್ಕಿಗೆ ಹಿಗ್ಗಿಸಿ ದುಂಡಗೆ ಮಾಡುವುದುಂಟು. ಎಷ್ಟು ಹಿಗ್ಗಿಸಬೇಕು? ಅದು ತಿಳಿಯಲು ಮೊದಲು ಅಳೆಯಬೇಕು.

ಅಳತೆಯ ಹಳೆಯ ಉಪಕರಣ ಗಡ್ಡ ಹೆರೆಯುವ ಬ್ಲೇಡು. ಮೈಕ್ರೋಮೀಟರ್ ತಿರುಪಿರುವ ಸಣ್ಣ ಸ್ಟೇಜಿಗೆ ಅದನ್ನು ಬಿಗಿದು, ಕಿರಣಕ್ಕೆ ಅಡ್ಡಲಾಗಿ ಸ್ವಲ್ಪ ಸ್ವಲ್ಪವೇ ನೂಕುತ್ತಾರೆ. ಹಿಂದೆ ಪವರ್ ಮೀಟರ್ ಇರುತ್ತದೆ. ಅಡ್ಡಿಯಿಲ್ಲದಾಗ ಮೀಟರಿನಲ್ಲಿ 20 ಮಿಲಿವ್ಯಾಟ್ ಇತ್ತೆನ್ನಿ. ಅದು ಶೇ. 84ಕ್ಕೆ, ಅಂದರೆ 16.8 ಮಿಲಿವ್ಯಾಟಿಗೆ ಇಳಿದಾಗ ತಿರುಪು 4.50 ಮಿಲಿಮೀಟರ್ ತೋರಿಸಿತು. ಇನ್ನೂ ನೂಕಿ ಶೇ. 16ಕ್ಕೆ, ಅಂದರೆ 3.2 ಮಿಲಿವ್ಯಾಟಿಗೆ ಬಂದಾಗ 5.50. ಎರಡರ ಅಂತರ 1 ಮಿಲಿಮೀಟರ್. ಅದೇ ಕಿರಣದ ತ್ರಿಜ್ಯ. ಲೇಸರ್ ಕಿರಣಕ್ಕೆ ಗೆರೆ ಕೊರೆದಂಥ ಅಂಚಿಲ್ಲ, ಗಾಸಿಯನ್ ವಕ್ರದಂತೆ ಮೆಲ್ಲಗೆ ಮಂಕಾಗುತ್ತದೆ. ತೀವ್ರತೆ ನಡುವಿನದರ ಶೇ. 13.5ಕ್ಕೆ ಇಳಿಯುವ ಜಾಗವನ್ನೇ ಅಂಚೆಂದು ಒಪ್ಪಿಕೊಂಡಿದ್ದಾರೆ. ಆ ವೃತ್ತದೊಳಗೆ ಒಟ್ಟು ಬೆಳಕಿನ ಶೇ. 86.5 ಇರುತ್ತದೆ. ಬ್ಲೇಡನ್ನು ಮೇಲಿಂದ ಕೆಳಕ್ಕೂ ನಡೆಸಿ ಎರಡನೇ ಅಳತೆ ತೆಗೆದರೆ ಕಿರಣ ದುಂಡೋ ಅಲ್ಲವೋ ಗೊತ್ತಾಗುತ್ತದೆ.

ಈಚೆಗೆ ಹೆಚ್ಚಿನವರು ಕ್ಯಾಮೆರಾ ಇಡುತ್ತಾರೆ. ಮಸೂರ ಕಳಚಿದ ಬರೀ ಸೆನ್ಸರ್ ಮೇಲೆ ಕಿರಣ ಬಿದ್ದಾಗ, ಬ್ಲೇಡಿನ ಕಣ್ಣಿಗೆ ಬೀಳದ ಸಂಗತಿಗಳೂ ಪರದೆಯ ಮೇಲೆ ಮೂಡುತ್ತವೆ: ಧೂಳಿನ ಕಣ ಎಬ್ಬಿಸಿದ ಉಂಗುರಗಳು, ಬದಿಗೆ ಹೊಮ್ಮಿದ ಬಾಲ, ಎರಡಾಗಿ ಒಡೆದ ನಡು. ಆದರೆ ಕ್ಯಾಮೆರಾ ಸುಳ್ಳನ್ನೂ ಹೇಳುತ್ತದೆ. ಎಂಟು ಬಿಟ್‌ನ ಸೆನ್ಸರ್ 255ಕ್ಕಿಂತ ಹೆಚ್ಚು ಎಣಿಸಲಾರದು. ಬೆಳಕು ಅತಿಯಾದರೆ ನಡುವಿನ ಶಿಖರ ಚಪ್ಪಟೆಯಾಗಿ, ಕಿರಣ ಇದ್ದದ್ದಕ್ಕಿಂತ ದಪ್ಪವೆನಿಸುತ್ತದೆ. ಅದಕ್ಕೇ ಕಪ್ಪು ಫಿಲ್ಟರ್‌ಗಳನ್ನು ಒಂದರ ಹಿಂದೊಂದು ಇಟ್ಟು ಬೆಳಕು ತಗ್ಗಿಸುತ್ತಾರೆ. ಕೋಣೆಯ ಟ್ಯೂಬ್‌ಲೈಟೂ ಲೆಕ್ಕ ಕೆಡಿಸಬಲ್ಲದು. ಲೇಸರನ್ನು ಮುಚ್ಚಿ ತೆಗೆದ ಖಾಲಿ ಚಿತ್ರವನ್ನು ಮೊದಲು ಕಳೆಯಬೇಕು.

ಅಳತೆ ಕೈಗೆ ಬಂದ ಮೇಲೆ ಮಸೂರದ ಆಯ್ಕೆ ಬರೀ ಗುಣಾಕಾರ, ಭಾಗಾಕಾರ. ಕಿರಣದ ಅಗಲ 2 ಮಿಲಿಮೀಟರ್, ಫೈಬರಿನ ಹರಹು 5 ಮೈಕ್ರಾನ್, ತರಂಗಾಂತರ 780 ನ್ಯಾನೋಮೀಟರ್ ಇದ್ದರೆ ಬೇಕಾದ ಸಂಗಮದೂರ ಸುಮಾರು 10 ಮಿಲಿಮೀಟರ್. ಆಮೇಲೆ ಎರಡು ಕನ್ನಡಿಗಳ ಸರದಿ. ಒಂದು ಕಿರಣದ ಜಾಗ ಸರಿಪಡಿಸಿದರೆ, ಇನ್ನೊಂದು ಓರೆ ಸರಿಪಡಿಸುತ್ತದೆ. ಮೊದಲ ಬೆಳಕು ಸಿಗುವುದೇ ಕಷ್ಟವಾದ್ದರಿಂದ ಒಂದು ಉಪಾಯವಿದೆ. ಕೇಬಲ್ ರಿಪೇರಿಯವರು ಬಳಸುವ ಪೆನ್ನಿನಂಥ ಕೆಂಪು ಲೇಸರನ್ನು ಫೈಬರಿನ ಇನ್ನೊಂದು ತುದಿಗೆ ಸಿಕ್ಕಿಸುತ್ತಾರೆ. ಬೆಳಕು ಹಿಮ್ಮುಖವಾಗಿ ಹೊರಬಂದು ದಾರಿ ತೋರಿಸುತ್ತದೆ. ಬರುವ ಕಿರಣ ಆ ಕೆಂಪು ದಾರಿಯ ಮೇಲೆಯೇ ಎರಡು ಕಡೆ ಕೂಡಿಕೊಂಡರೆ ಮೀಟರಿನಲ್ಲಿ ಒಂದಿಷ್ಟು ಬೆಳಕು ಕಾಣಿಸಿಕೊಳ್ಳುತ್ತದೆ. ಉಳಿದದ್ದು ಎರಡು ಕನ್ನಡಿಗಳ ತಿರುಪನ್ನು ಒಂದಾದ ಮೇಲೊಂದು, ಕೂದಲೆಳೆಯಷ್ಟು ತಿರುಗಿಸುವ ತಾಳ್ಮೆಯ ಕೆಲಸ. ಗಾಜಿನ ಒಂದೊಂದು ಮುಖದಲ್ಲೂ ಸುಮಾರು ಶೇ. 4 ಪ್ರತಿಫಲಿಸಿ ಹೋಗುವುದರಿಂದ ನೂರಕ್ಕೆ ನೂರು ಯಾರೂ ನಿರೀಕ್ಷಿಸುವುದಿಲ್ಲ. ಶೇ. 60ರಿಂದ 80 ದಕ್ಕಿದರೆ ಚೆನ್ನಾಗಿ ಕೂತಿದೆ ಎನ್ನುತ್ತಾರೆ. ಇಷ್ಟೆಲ್ಲ ನಡೆಯುವಾಗ ಲೇಸರ್ ತಡೆಯುವ ಕನ್ನಡಕ ಧರಿಸಿ, ಗಡಿಯಾರ, ಉಂಗುರ ತೆಗೆದಿಟ್ಟಿರಬೇಕು. 780 ನ್ಯಾನೋಮೀಟರಿನ ಬೆಳಕು ಕಣ್ಣಿಗೆ ಮಂಕು ಕೆಂಪಾಗಿ ಮಾತ್ರ ಕಾಣುವುದರಿಂದ ಅದರ ಅಪಾಯವೇ ಹೆಚ್ಚು.

ಕಿಲೋವ್ಯಾಟ್ ಮಟ್ಟದಲ್ಲಿ ಇದೇ ಲೆಕ್ಕ ಬೇರೆ ಮುಖ ತೋರಿಸುತ್ತದೆ. 20 ಮಿಲಿವ್ಯಾಟಿನಲ್ಲಿ ಕಾಲು ಭಾಗ ಪೋಲಾದರೆ ಪ್ರಯೋಗಕ್ಕೆ ಬೆಳಕು ಕಡಿಮೆ ಬಿದ್ದೀತು, ಅಷ್ಟೆ. 5 ಕಿಲೋವ್ಯಾಟಿನಲ್ಲಿ ಶೇ. 1 ತಪ್ಪಿದರೂ 50 ವ್ಯಾಟ್ ಶಾಖ ಫೈಬರಿನ ತುದಿಯ ಸುತ್ತ ಸೇರಿ, ಗಾಜನ್ನೇ ಸುಡಬಲ್ಲದು.

ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟ ಮೇಲೆ, ತಣಿಸಿದ ಪರಮಾಣುಗಳ ಪ್ರಯೋಗಗಳಿಗೆ ಬೇಕಾದ ಈ ಕೈಕೆಲಸ ಬಲ್ಲವರ ಅಗತ್ಯ ಹೆಚ್ಚಿದೆ. ಕಲಿಯಲು ದುಬಾರಿ ಉಪಕರಣ ಬೇಕಿಲ್ಲ. ಪದವಿ ಕಾಲೇಜಿನ ಹೀಲಿಯಂ-ನಿಯಾನ್ ಲೇಸರ್, ಒಂದು ಬ್ಲೇಡು, ತಿರುಪಿನ ಸ್ಟೇಜು, ಫೋಟೋಡಯೋಡು ಸಾಕು. 632.8 ನ್ಯಾನೋಮೀಟರಿನ ಆ ಕೆಂಪು ಕಿರಣದ ತ್ರಿಜ್ಯ ಅತಿ ಕಿರಿದಾದ ಕಡೆ 0.4 ಮಿಲಿಮೀಟರ್ ಇದ್ದರೆ, ಅಲ್ಲಿಂದ 4 ಮೀಟರ್ ದೂರದಲ್ಲಿ ಬ್ಲೇಡು ಸುಮಾರು 2 ಮಿಲಿಮೀಟರ್ ತೋರಿಸಬೇಕು. ಅದು 3 ತೋರಿಸಿದರೆ ಅಳತೆಯಲ್ಲಿ ತಪ್ಪಿದೆ, ಇಲ್ಲವೇ ಕಿರಣವೇ ಶುದ್ಧವಾಗಿಲ್ಲ.