ಸಿಹಿನೀರು ತೆಗೆದ ಮೇಲೆ ಉಳಿಯುವ ಉಪ್ಪು

ಸಮುದ್ರದ ನೀರನ್ನು ಆರ್‌ಒ ಪೊರೆಗಳಿಂದ ಸೋಸಿ ಸಿಹಿಗೊಳಿಸುವ ಘಟಕಗಳು ಹೀರಿಕೊಂಡ ನೀರಿನಲ್ಲಿ ಹೆಚ್ಚೆಂದರೆ ಅರ್ಧದಷ್ಟನ್ನು ಕುಡಿಯಲು ಕೊಡುತ್ತವೆ. ಮಿಕ್ಕ ನೀರಿನಲ್ಲಿ ಉಪ್ಪು ಇಮ್ಮಡಿಯ ಹತ್ತಿರಕ್ಕೆ ಏರಿರುತ್ತದೆ. ಅದು ಮತ್ತೆ ಕಡಲಿಗೇ ಹೋಗುತ್ತದೆ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2019ರಲ್ಲಿ ಹೊರತಂದ ಅಂದಾಜಿನಂತೆ, ಜಗತ್ತಿನ ಎಲ್ಲ ಬಗೆಯ ಸುಮಾರು 16,000 ಘಟಕಗಳಿಂದ ದಿನಕ್ಕೆ ಸಿಗುತ್ತಿದ್ದ ಸಿಹಿನೀರು 9.5 ಕೋಟಿ ಘನ ಮೀಟರ್, ಹೊರಬೀಳುತ್ತಿದ್ದ ಕಡುಉಪ್ಪು ನೀರು 14.2 ಕೋಟಿ ಘನ ಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೌದಿ ಅರೇಬಿಯಾ, ಯುಎಇ, ಕುವೈತ್ ಮತ್ತು ಕತಾರ್‌ಗಳದ್ದು.

ಈ ಕಡುಉಪ್ಪು ನೀರು ಭಾರ. ಅಲೆ, ಪ್ರವಾಹಗಳು ಕಲಕದಿದ್ದರೆ ತಳಕ್ಕಿಳಿದು ಮರಳಿನ ಮೇಲೆ ಹರಡಿಕೊಳ್ಳುತ್ತದೆ. ಮೇಲಿನ ಆಮ್ಲಜನಕ ಕೆಳಗಿಳಿಯುವುದಕ್ಕೂ ಅಡ್ಡವಾಗುತ್ತದೆ. ಅಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಸತ್ತದ್ದನ್ನು ಕೊಳೆಸಿ ಸಾರಜನಕ, ರಂಜಕಗಳನ್ನು ಮತ್ತೆ ನೀರಿಗೆ ಒದಗಿಸುತ್ತವೆ. ಮೀನಿನವರೆಗಿನ ಆಹಾರ ಸರಪಣಿಗೆ ಇದೇ ಬುಡ.

ಉಪ್ಪು ಹಾಕಿದ ಮಾವಿನಮಿಡಿ ನೀರು ಬಿಟ್ಟು ಸುರುಟಿಕೊಳ್ಳುವಂತೆ, ಹೊರಗೆ ಉಪ್ಪು ಹೆಚ್ಚಾದಾಗ ಜೀವಕೋಶದ ನೀರು ಆಚೆ ಹರಿಯುತ್ತದೆ. ಅದನ್ನು ತಡೆಯಲು ಬ್ಯಾಕ್ಟೀರಿಯಾಗಳು ಪ್ರೋಲೀನ್, ಗ್ಲೈಸಿನ್ ಬೀಟೈನ್‌ನಂಥ ಪದಾರ್ಥಗಳನ್ನು ಒಳಗೆ ತುಂಬಿಕೊಳ್ಳುತ್ತವೆ. ಇದಕ್ಕೆ ಶಕ್ತಿ ಬೇಕು. ಬೆಳೆಯಲು ಉಳಿಯುವುದು ಅಷ್ಟರಮಟ್ಟಿಗೆ ಕಡಿಮೆ. ತಾಳಿಕೊಳ್ಳಬಲ್ಲವು ಹೆಚ್ಚುತ್ತವೆ, ಉಳಿದವು ಕರಗುತ್ತವೆ. ಆದ್ದರಿಂದ ಒಟ್ಟು ಸಂಖ್ಯೆಯೊಂದನ್ನೇ ಎಣಿಸಿ ಹಾನಿಯಿಲ್ಲ ಎನ್ನುವುದು ಸರಿಯಲ್ಲ. ಯಾವ ಪ್ರಭೇದ ಹೋಗಿ ಯಾವುದು ಬಂತು ಎಂಬುದನ್ನು ನೋಡಲೇಬೇಕು.

ಉಪ್ಪಿಗಿಂತ ಕಡಿಮೆ ಗಮನ ಸೆಳೆದಿರುವುದು ಅದರೊಡನೆ ಹೋಗುವ ರಾಸಾಯನಿಕಗಳು. ಪೊರೆಗಳ ಮೇಲೆ ಸುಣ್ಣದಂಥ ಗಟ್ಟಿ ಪದರ ಕಟ್ಟದಂತೆ ಫಾಸ್ಫೋನೇಟ್‌ಗಳನ್ನು ಬೆರೆಸುತ್ತಾರೆ. ನೀರಿನ ಕಸ ಒಟ್ಟುಗೂಡಲು ಕಬ್ಬಿಣದ ಲವಣಗಳನ್ನು ಹಾಕುತ್ತಾರೆ. ಇವುಗಳ ಪರಿಣಾಮವನ್ನು ಚೆನ್ನಾಗಿ ಅಭ್ಯಸಿಸಿರುವುದು ಇಸ್ರೇಲ್ ಕರಾವಳಿಯಲ್ಲಿ. ಅಲ್ಲಿ ಅಶ್ಕೆಲೋನ್ ಘಟಕ 2005ರಲ್ಲಿ, ಹದೇರಾ 2009ರಲ್ಲಿ, ಸೊರೆಕ್ 2013ರಲ್ಲಿ ಶುರುವಾದವು. ಅಶ್ಕೆಲೋನ್‌ನಲ್ಲಿ ಸೋಸುಗಗಳನ್ನು ತೊಳೆದ ಕಬ್ಬಿಣದ ನೀರು ಕಡಲನ್ನು ಕೆಂಪಾಗಿಸಿದ್ದು ಬರಿಗಣ್ಣಿಗೇ ಕಂಡಿತ್ತು. ಫಾಸ್ಫೋನೇಟ್ ಕಣ್ಣಿಗೆ ಬೀಳುವುದಿಲ್ಲ. ಪೂರ್ವ ಮೆಡಿಟರೇನಿಯನ್ ರಂಜಕದ ಬರ ಇರುವ ಸಮುದ್ರ. ಅಲ್ಲಿನ ಸೂಕ್ಷ್ಮಜೀವಿಗಳು ಸಾವಯವ ಪದಾರ್ಥಗಳಿಂದ ರಂಜಕವನ್ನು ಬಿಡಿಸಿಕೊಳ್ಳಲು ವಿಶೇಷ ಕಿಣ್ವ ಸ್ರವಿಸುತ್ತವೆ. ಫಾಸ್ಫೋನೇಟ್ ಸೇರಿಸಿ ನಡೆಸಿದ ಪ್ರಯೋಗಗಳಲ್ಲಿ ಆ ಕಿಣ್ವದ ಚಟುವಟಿಕೆ ಇಳಿಯಿತು, ಅಂದರೆ ರಂಜಕದ ಕೊರತೆ ನೀಗತೊಡಗಿತು. ಬಡ ನೀರಿಗೇ ಹೊಂದಿಕೊಂಡ ಸಮುದಾಯಕ್ಕೆ ಈ ಗೊಬ್ಬರವೂ ಏರುಪೇರೇ.

ಕೊಳವೆಯ ತುದಿಗೆ ಹಲವು ಚಿಮ್ಮುಬಾಯಿಗಳನ್ನು ಜೋಡಿಸಿ, ಪ್ರವಾಹ ಜೋರಾಗಿರುವ ಕಡೆ ಬಿಟ್ಟರೆ ಉಪ್ಪು ಬೇಗ ತೆಳುವಾಗುತ್ತದೆ. ಪರ್ಷಿಯನ್ ಕೊಲ್ಲಿಯಂಥ ಆಳವಿಲ್ಲದ, ಮುಕ್ಕಾಲು ಮುಚ್ಚಿದ ಕಡಲಿಗೆ ಈ ಅನುಕೂಲ ಕಡಿಮೆ. ಮಂಗಳೂರಿನ ತಣ್ಣೀರುಬಾವಿಯಲ್ಲೂ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದ ಇಂಥ ಘಟಕವಿದೆ. ಅಲ್ಲಿನ ನೀರು ಮೆಡಿಟರೇನಿಯನ್‌ನಂತಲ್ಲ: ಮಳೆಗಾಲದಲ್ಲಿ ನದಿಗಳು ಉಪ್ಪನ್ನು ಇಳಿಸುತ್ತವೆ, ಬೇಸಿಗೆಯಲ್ಲಿ ಅದು ಮತ್ತೆ ಏರುತ್ತದೆ. ಇಂಥ ಕರಾವಳಿಯಲ್ಲಿ ಪರಿಣಾಮ ಅಳೆಯುವವರು ಎರಡೂ ಕಾಲದ ನೀರನ್ನೂ ತಳದ ಮರಳನ್ನೂ ಪರೀಕ್ಷಿಸಬೇಕಾಗುತ್ತದೆ.