ಚಿಕ್ಕ ಟ್ರ್ಯಾಕ್ಟರಿನ ಲಿಫ್ಟು ಏಳದಿದ್ದರೆ: ಹೈಡ್ರಾಲಿಕ್ ದೋಷಗಳ ಪರೀಕ್ಷಾಕ್ರಮ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳ ಒಕ್ಕಲಿಗರು ಚಿಕ್ಕ ಟ್ರ್ಯಾಕ್ಟರುಗಳನ್ನು ಹತ್ತಿ, ಕಬ್ಬು ಮತ್ತು ಗೋವಿನಜೋಳಗಳ ಸಾಲುಗಳಲ್ಲಿ ಎಡೆ ಹೊಡೆಯುವದಕ್ಕೂ, ಕೂರಿಗೆಯಿಂದ ಬಿತ್ತುವದಕ್ಕೂ, ರೋಟಾವೇಟರಿನಿಂದ ಮಣ್ಣನ್ನು ಹುಡಿ ಮಾಡುವದಕ್ಕೂ ಉಪಯೋಗಿಸುತ್ತಾರೆ. ಈ ಕೆಲಸಗಳೆಲ್ಲವೂ ಟ್ರ್ಯಾಕ್ಟರಿನ ಹಿಂದಿನ ತೋಳುಗಳು ಸಲಕರಣೆಯನ್ನು ಸರಿಯಾಗಿ ಎತ್ತಿ ಇಳಿಸುವದನ್ನು ಅವಲಂಬಿಸಿರುವವು. ಲಿಫ್ಟು ಏಳದಿದ್ದರೆ ಇಂಜಿನ್ನು ಎಷ್ಟು ಚೆನ್ನಾಗಿದ್ದರೂ ಕೆಲಸವು ಸಾಗದು. ಹಿಂಗಾರಿಯಲ್ಲಿ ಎರೆಹೊಲದ ಮೇಲ್ಪದರಿನ ಹಸಿಯು ಆರಿಹೋಯಿತೆಂದರೆ ಕಡಲೆಯಾಗಲಿ ಬಿಳಿಜೋಳವಾಗಲಿ ಸಮನಾಗಿ ಹುಟ್ಟುವದಿಲ್ಲ. ಆ ಕಾಲದಲ್ಲಿ ಯಂತ್ರವು ನಾಲ್ಕು ದಿನ ನಿಂತರೆ ಹದವೇ ತಪ್ಪುವದು.

ಇಂಥ ಅವಸರದಲ್ಲಿ "ಪಂಪು ಹೋಗಿದೆ" ಎಂಬ ನಿರ್ಣಯಕ್ಕೆ ಬಂದು ಪಂಪನ್ನೇ ಬಿಚ್ಚಿಸುವ ರೂಢಿಯುಂಟು. ಹೊಸ ಪಂಪು ಕೂಡಿಸಿದ ಮೇಲೂ ಲಿಫ್ಟು ಮೊದಲಿನಂತೆಯೇ ಇದ್ದರೆ ಹಣವೂ ಹೋಗಿ ಹಂಗಾಮೂ ಹೋದಂತಾಗುವದು. ಪಂಪು ಕೊನೆಯಲ್ಲಿ ಸಂಶಯಿಸತಕ್ಕ ಭಾಗವು. ಅದಕ್ಕಿಂತ ಮುಂಚೆ ಹಿಡಿಕೆ, ಎಣ್ಣೆ, ಜಾಲರಿ, ಗಾಳಿ ಇವುಗಳನ್ನು ನೋಡತಕ್ಕದ್ದು. ಇವುಗಳ ಪರೀಕ್ಷೆಯನ್ನು ಒಕ್ಕಲಿಗನು ಬಹುಮಟ್ಟಿಗೆ ತಾನೇ ಮಾಡಿಕೊಳ್ಳಬಹುದು.

ಲಿಫ್ಟಿನ ರಚನೆ

ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುವದೆಂಬುದು ಲಿಫ್ಟಿನ ಮೂಲತತ್ವ. ಈ ತತ್ವವನ್ನು ಮೂರು ಕೊಂಡಿಗಳ ಜೋಡಣೆಯೊಡನೆ ಕೂಡಿಸಿದವರು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ನರು. ಅವರ ಪದ್ಧತಿಯ ಟ್ರ್ಯಾಕ್ಟರು 1936ರಲ್ಲಿ ಮಾರಾಟಕ್ಕೆ ಬಂದಿತು. ಇಂದಿನ ಟ್ರ್ಯಾಕ್ಟರುಗಳ ಲಿಫ್ಟು ಅದೇ ಮಾದರಿಯದು.

ಇಂಜಿನ್ನಿನಿಂದ ತಿರುಗುವ ಪಂಪು ಜಾಲರಿಯ ಮೂಲಕ ಎಣ್ಣೆಯನ್ನು ಹೀರಿ ನಿಯಂತ್ರಣ ವಾಲ್ವಿಗೆ ಕಳಿಸುವದು. ಹಿಡಿಕೆಯನ್ನು ಮೇಲಕ್ಕೆ ಸರಿಸಿದಾಗ ಎಣ್ಣೆಯು ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ದೂಡುವದರಿಂದ ತೋಳುಗಳು ಏಳುವವು. ಹಿಡಿಕೆಯನ್ನು ಇಳಿಸಿದಾಗ ಸಲಕರಣೆಯ ಭಾರದಿಂದಲೇ ಎಣ್ಣೆಯು ಹಿಂದಿರುಗುವದು. ಒತ್ತಡವು ಮಿತಿಮೀರದಂತೆ ರಿಲೀಫ್ ವಾಲ್ವು ಕಾಯುವದು. ಎಣ್ಣೆಯ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಮು ಇದ್ದರೆ, 7 ಸೆಂಟಿಮೀಟರು ವ್ಯಾಸದ ಪಿಸ್ಟನ್ನಿನ ಮೇಲೆ ಸುಮಾರು 5,700 ಕಿಲೋಗ್ರಾಮಿನ ಬಲ ಬೀಳುವದು. ಉದ್ದ ತೋಳಿನ ತುದಿಯಲ್ಲಿ ಈ ಬಲವು ಬಹಳ ಕಡಿಮೆಯಾಗುವದಾದರೂ ಅಸಡ್ಡೆ ಮಾಡಿದವನಿಗೆ ಅದು ಪ್ರಾಣಾಂತಿಕವಾದುದು.

ಪರೀಕ್ಷೆಗೆ ಮುಂಚೆ ಪಾಲಿಸತಕ್ಕ ನಿಯಮಗಳು

ಸಲಕರಣೆಯನ್ನು ನೆಲಕ್ಕಿಳಿಸಿ, ಇಂಜಿನ್ನು ನಿಲ್ಲಿಸಿ, ಕೀಲಿಯನ್ನು ತೆಗೆದುಕೊಂಡು, ಹಿಡಿಕೆಗಳನ್ನು ಎರಡು ಮೂರು ಸಲ ಸರಿಸಿ ಒತ್ತಡವನ್ನು ಬಿಡಬೇಕು. ಎತ್ತಿ ನಿಲ್ಲಿಸಿದ ಸಲಕರಣೆಯ ಕೆಳಗೆ ಯಾರೂ ಹೋಗಕೂಡದು. ಹೋಗಲೇಬೇಕಾದರೆ ದಪ್ಪ ಕಟ್ಟಿಗೆಯ ದಿಮ್ಮಿಗಳ ಆಧಾರವನ್ನು ಕೊಟ್ಟಿರಬೇಕು. ಸೋರಿಕೆಯನ್ನು ಕೈಯಾಡಿಸಿ ಹುಡುಕಕೂಡದು; ರಟ್ಟಿನ ತುಂಡನ್ನು ಹಿಡಿದು ನೋಡತಕ್ಕದ್ದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ಭೇದಿಸಿ ಒಳಹೊಗಬಲ್ಲದು. ಹೊರಗೆ ಒಂದು ಚುಕ್ಕೆ ಮಾತ್ರ ಕಾಣಿಸಬಹುದು, ನೋವೂ ಮೊದಲಿಗೆ ಅಲ್ಪವಾಗಿರಬಹುದು. ಆದರೂ ತಡಮಾಡದೆ ಶಸ್ತ್ರಚಿಕಿತ್ಸೆಯ ಸೌಲಭ್ಯವುಳ್ಳ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳು ಇಲ್ಲವೆ ಕೈಯನ್ನೇ ಕಳೆದುಕೊಳ್ಳಬೇಕಾದೀತು.

ಪರೀಕ್ಷೆಯ ಕ್ರಮ

1. ಹಿಡಿಕೆಗಳು. ಅನೇಕ ಟ್ರ್ಯಾಕ್ಟರುಗಳಲ್ಲಿ ಎರಡು ಹಿಡಿಕೆಗಳಿರುವವು. ಒಂದು ಸಲಕರಣೆಯ ಎತ್ತರವನ್ನು ನಿಲ್ಲಿಸುವದು. ಇನ್ನೊಂದು ಮಣ್ಣಿನ ಎಳೆತಕ್ಕೆ ಅನುಸಾರವಾಗಿ ಆಳವನ್ನು ಬದಲಿಸುವದು. ಇವುಗಳ ಸ್ಥಾನ ತಪ್ಪಿದ್ದರೂ, ಹಿಡಿಕೆಯಿಂದ ವಾಲ್ವಿಗೆ ಹೋಗುವ ಸಲಾಕೆಯ ಪಿನ್ನು ಕಳಚಿದ್ದರೂ ಲಿಫ್ಟು ಏಳುವದಿಲ್ಲ. ಎದ್ದ ಸಲಕರಣೆಯು ಇಳಿಯದಿದ್ದರೆ, ಇಳಿಯುವ ವೇಗವನ್ನು ನಿಯಂತ್ರಿಸುವ ತಿರುಪು ಪೂರ್ಣ ಮುಚ್ಚಿರುವದೋ ಎಂಬುದನ್ನು ಮೊದಲು ನೋಡಬೇಕು.

2. ಎಣ್ಣೆ. ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ತೋಳುಗಳನ್ನು ಇಳಿಸಿ, ಅಳತೆಗೋಲನ್ನು ಒರಸಿ ನೋಡಬೇಕು. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರುಪೆಟ್ಟಿಗೆಗೂ ಲಿಫ್ಟಿಗೂ ಎಣ್ಣೆ ಒಂದೇ. ಹೈಡ್ರಾಲಿಕ್ ಟ್ರೇಲರನ್ನು ಎತ್ತಿಳಿಸುವವರ ಎಣ್ಣೆಯಲ್ಲಿ ಒಂದು ಭಾಗವು ಟ್ರೇಲರಿನ ಸಿಲಿಂಡರಿನಲ್ಲಿಯೇ ಉಳಿದು, ಟ್ರ್ಯಾಕ್ಟರಿನಲ್ಲಿ ಕಡಿಮೆ ಬೀಳುವದುಂಟು. ಎಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ನೊರೆಗಟ್ಟಿದ್ದರೆ ಗಾಳಿ ಸೇರಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅತಿಯಾಗಿ ಕಾದಿದೆ. ಹೊಳೆಯುವ ಲೋಹದ ಪುಡಿ ಕಂಡರೆ ಒಳಗಿನ ಭಾಗವು ಸವೆಯುತ್ತಿದೆ. ತಯಾರಕರ ಪುಸ್ತಕದಲ್ಲಿ ಹೇಳಿದ ಜಾತಿಯ ಎಣ್ಣೆಯನ್ನೇ ಹಾಕಬೇಕು. ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುವ ಬ್ರೇಕುಗಳಿರುವ ಯಂತ್ರದಲ್ಲಿ ಬೇರೆ ಎಣ್ಣೆ ಬೆರೆಸಿದರೆ ಲಿಫ್ಟಿನೊಡನೆ ಬ್ರೇಕೂ ಕೆಡಬಹುದು.

3. ಜಾಲರಿ ಮತ್ತು ಫಿಲ್ಟರು. ಲಿಫ್ಟು ನಿಧಾನವಾಗಿ ಏಳುತ್ತ, ಪಂಪು ನರಳಿದಂತೆ ಸಪ್ಪಳ ಮಾಡುತ್ತ, ಮುಂಜಾನೆಯ ತಂಪಿನಲ್ಲಿ ದೋಷವು ಹೆಚ್ಚಾಗಿದ್ದರೆ ಜಾಲರಿ ಕಟ್ಟಿದೆಯೆಂದು ತಿಳಿಯಬಹುದು. ತಂಪಾದ ಎಣ್ಣೆಯು ಮಂದವಾಗಿರುವದರಿಂದ ಕಟ್ಟಿದ ಜಾಲರಿಯನ್ನು ದಾಟಲಾರದು. ಜಾಲರಿಯನ್ನು ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ ಕೂಡಿಸಬೇಕು. ಕಾಗದದ ಫಿಲ್ಟರನ್ನು ತೊಳೆಯದೆ ಹೊಸದನ್ನೇ ಹಾಕಬೇಕು.

4. ಗಾಳಿ. ತೋಳುಗಳು ತಡೆತಡೆದು ಜಗ್ಗುತ್ತ ಎದ್ದು, ಎಣ್ಣೆಯಲ್ಲಿ ನೊರೆ ಇದ್ದರೆ ಪಂಪಿಗೆ ಎಣ್ಣೆ ಒಯ್ಯುವ ನಳಿಕೆಯು ಗಾಳಿ ಹೀರುತ್ತಿರುವದು. ಆ ಕಡೆ ಒತ್ತಡವಿಲ್ಲದೆ ಹೀರಿಕೆಯೇ ಇರುವದರಿಂದ ಎಣ್ಣೆಯ ಒಂದು ಹನಿಯೂ ಹೊರಗೆ ಕಾಣಿಸದೆ ಹೋಗಬಹುದು. ಜೋಡಣೆಯ ಕ್ಲಿಪ್ಪುಗಳನ್ನು ಬಿಗಿಮಾಡಿ, ಗಡುಸಾದ ರಬ್ಬರಿನ ಉಂಗುರವನ್ನು ಬದಲಿಸಬೇಕು.

5. ಭಾರ. ಚಿಕ್ಕ ಟ್ರ್ಯಾಕ್ಟರಿಗೆ ಹೇಳಿದ ಎತ್ತುವ ಶಕ್ತಿಯು ತೋಳಿನ ತುದಿಯಲ್ಲಿ ಅಳೆದದ್ದು. ಸಲಕರಣೆಯು ಹಿಂದಕ್ಕೆ ಉದ್ದವಾಗಿದ್ದಷ್ಟೂ ಆ ಶಕ್ತಿಯು ಸಾಲದಾಗುವದು. ದೊಡ್ಡ ಟ್ರ್ಯಾಕ್ಟರಿನ ಪಲ್ಟಿಯನ್ನು ಕಟ್ಟಿ, ಏಳಲಿಲ್ಲವೆಂದು ಲಿಫ್ಟನ್ನು ದೂರುವದು ಸರಿಯಲ್ಲ. ಹಗುರಾದ ಸಲಕರಣೆಯನ್ನು ಕಟ್ಟಿ ಎತ್ತಿ ನೋಡಿದರೆ ಸಂಶಯವು ಪರಿಹಾರವಾಗುವದು.

ಒಳಗಿನ ದೋಷದ ಲಕ್ಷಣಗಳು

ಮೇಲಿನವೆಲ್ಲ ಸರಿಯಿದ್ದೂ ದೋಷವು ಉಳಿದರೆ ಎರಡು ಪರೀಕ್ಷೆಗಳಿಂದ ಅದರ ಸ್ಥಾನವನ್ನು ಗುರುತಿಸಬಹುದು. ಮೊದಲನೆಯದು, ಸಲಕರಣೆಯನ್ನು ಎತ್ತಿ ಇಂಜಿನ್ನು ನಿಲ್ಲಿಸಿ, ದೂರದಲ್ಲಿ ನಿಂತು ನೋಡುವದು. ಸ್ವಲ್ಪ ಸ್ವಲ್ಪವಾಗಿ ಬಹಳ ಹೊತ್ತಿಗೆ ಇಳಿದರೆ ಚಿಂತೆಯಿಲ್ಲ. ಕೆಲವು ನಿಮಿಷಗಳಲ್ಲಿಯೇ ನೆಲ ಮುಟ್ಟಿದರೆ ಸಿಲಿಂಡರಿನ ಸೀಲು ಅಥವಾ ವಾಲ್ವು ಸೋರುತ್ತಿರುವದು. ಆಗ ಪಂಪು ತಿರುಗುತ್ತಲೇ ಇಲ್ಲವಾದ್ದರಿಂದ ದೋಷವನ್ನು ಅದರ ಮೇಲೆ ಹೊರಿಸಲಾಗದು. ಇಂಜಿನ್ನು ನಡೆಯುತ್ತಿರುವಾಗ ಎತ್ತಿದ ಸಲಕರಣೆಯು ಮೇಲೆ ಕೆಳಗೆ ಕುಣಿದಂತಾಗುವದೂ ಇದೇ ಸೋರಿಕೆಯ ಲಕ್ಷಣ.

ಎರಡನೆಯದು, ಮುಂಜಾನೆ ಚೆನ್ನಾಗಿ ಎದ್ದು ಮಧ್ಯಾಹ್ನ ಎಣ್ಣೆ ಕಾದ ಮೇಲೆ ಸೋಲುವದೋ ಎಂದು ನೋಡುವದು. ಕಾದ ಎಣ್ಣೆಯು ತೆಳುವಾಗಿ ಸವೆದ ಸಂದುಗಳಿಂದ ಹಿಂದಕ್ಕೆ ಜಾರುವದು. ಇಲ್ಲಿಯೇ ಪಂಪಿನ ಮೇಲೆ ಸಂಶಯ ಸರಿಯಾದುದು. ಆದರೂ ಅದೇ ಪಂಪಿನಿಂದ ಟ್ರೇಲರು ಪೂರ್ಣ ಭಾರದೊಡನೆ ಎದ್ದು, ತೋಳುಗಳು ಮಾತ್ರ ಏಳದಿದ್ದರೆ ದೋಷವು ಲಿಫ್ಟಿನ ವಾಲ್ವಿನಲ್ಲಿಯೋ ಸಿಲಿಂಡರಿನಲ್ಲಿಯೋ ಇರಬೇಕು.

ಪಂಪನ್ನು ಬಿಚ್ಚುವ ಮೊದಲು ಒತ್ತಡದ ಗೇಜನ್ನು ಹಚ್ಚಿ ಅಳೆಯುವಂತೆ ಮಿಸ್ತ್ರಿಯನ್ನು ಕೇಳಿಕೊಳ್ಳಬೇಕು. ಗೇಜಿಲ್ಲದೆ ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ವಾಷರು ಹಾಕಿ ಬಿಗಿಮಾಡಿಸಕೂಡದು. ಅದರಿಂದ ಒಂದು ದಿನ ಲಿಫ್ಟು ಎದ್ದಂತೆ ಕಂಡರೂ ಕೊಳವೆ ಒಡೆಯುವದು ಇಲ್ಲವೆ ಪಂಪು ಸೀಳುವದು.

ಈ ತಾಲೂಕುಗಳಲ್ಲಿ ವಿಶೇಷವಾಗಿ ಲಕ್ಷಿಸತಕ್ಕ ಸಂಗತಿಗಳು

ಕಿತ್ತೂರಿನ ಕಡೆ ಭತ್ತದ ಗದ್ದೆಯ ಕೆಸರಿನಲ್ಲಿ ದುಡಿದ ಟ್ರ್ಯಾಕ್ಟರಿಗೆ ಅಚ್ಚಿನ ಸೀಲಿನಿಂದಲೂ ಗಾಳಿಗಿಂಡಿಯಿಂದಲೂ ನೀರು ಸೇರುವ ಭಯವಿದೆ. ಅಲ್ಲಿ ರೊಳ್ಳಿ ಹೊಡೆದ ಮೇಲೆ ಎಣ್ಣೆಯ ಬಣ್ಣವನ್ನು ತಪ್ಪದೆ ನೋಡಬೇಕು. ಸವದತ್ತಿ, ರಾಮದುರ್ಗ, ಬೈಲಹೊಂಗಲಗಳ ಎರೆಭೂಮಿಯಲ್ಲಿ ಬೇಸಿಗೆಯ ಧೂಳೇ ವೈರಿಯು. ಗಾಳಿಗಿಂಡಿಯನ್ನೂ ಟ್ರೇಲರಿನ ಕೊಳವೆ ಜೋಡಿಸುವ ಬಾಯಿಯನ್ನೂ ಒರಸದೆ ಕೂಡಿಸಿದರೆ ಆ ಧೂಳು ನೇರವಾಗಿ ಎಣ್ಣೆಗಿಳಿಯುವದು. ಎಣ್ಣೆ ಹಾಕುವ ಲಾಳಿಕೆ, ಡಬ್ಬಿ, ಅರಿವೆ ಸ್ವಚ್ಛವಾಗಿರಬೇಕು.

ಬೇಸಿಗೆಯಲ್ಲಿ ಯಂತ್ರಕ್ಕೆ ಬಿಡುವಿದ್ದಾಗ ಒಂದು ದಿನವನ್ನು ಇದಕ್ಕೆ ಮೀಸಲಿಟ್ಟು, ಜಾಲರಿಯನ್ನು ತೊಳೆದು, ಅವಧಿ ತುಂಬಿದ ಎಣ್ಣೆಯನ್ನು ಬದಲಿಸಿ, ಸಲಕರಣೆಯನ್ನು ಕಟ್ಟಿ ಎತ್ತಿ ಪರೀಕ್ಷಿಸತಕ್ಕದ್ದು. ಎಣ್ಣೆ ಬದಲಿಸಿದ ತಾರೀಖನ್ನೂ ಯಂತ್ರದ ತಾಸುಗಳನ್ನೂ ಒಂದು ವಹಿಯಲ್ಲಿ ಬರೆದಿಡಬೇಕು. ದೋಷವು ಬಂದಾಗ ಅದು ತಂಪಿನಲ್ಲಿಯೋ ಕಾವಿನಲ್ಲಿಯೋ, ಭಾರವಿದ್ದಾಗಲೋ ಇಲ್ಲದಾಗಲೋ ಎಂಬುದನ್ನೂ ಅದರಲ್ಲಿಯೇ ಬರೆದು ಮಿಸ್ತ್ರಿಗೆ ತೋರಿಸಿದರೆ, ಬಿಚ್ಚಬಾರದ ಭಾಗವನ್ನು ಬಿಚ್ಚುವ ಖರ್ಚು ಉಳಿಯುವದು. ಹೊಲದ ಹಸಿ ಆರುವದರೊಳಗಾಗಿ ಕೂರಿಗೆಯೂ ನಡೆಯುವದು.