ಮುದ್ರೆ ಒತ್ತುವವರ ಮೇಲೆ ಮುದ್ರೆ ಯಾರದು?

ಅರಳಗುಪ್ಪೆಗೆ ಹೋದವರು ಕಲ್ಲೇಶ್ವರ ಗುಡಿಯ ಛತ್ತಿನಲ್ಲಿ ಕುಣಿಯುವ ಶಿವನನ್ನು ಕತ್ತೆತ್ತಿ ನೋಡಿ ಬರುತ್ತಾರೆ. ನಾನೂ ನೋಡಿದೆ. ಆದರೆ ತಲೆಯಲ್ಲಿ ಇನ್ನೂ ಕೂತಿರುವುದು ಹತ್ತಿರದ ತೋಟದ ಮನೆಯೊಂದರ ಅಟ್ಟ. ವರ್ಷದ ಕಾಯಿ ಅಲ್ಲಿ ಒಣಗುತ್ತಿತ್ತು. ಯಜಮಾನರು ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಗಡಗಡ ಅಂದಿತು. "ಇದು ಆಗೈತೆ" ಎಂದವರು ಕಡತವೊಂದನ್ನು ಬಿಚ್ಚಿದರು. ತೋಟದ ನಕ್ಷೆ, ಗೊಬ್ಬರ ಹಾಕಿದ ದಿನಚರಿ, ಪಕ್ಕದ ತೋಟದ ಔಷಧಿ ತೂರಿ ಬಾರದಂತೆ ಬಿಟ್ಟ ಅಂಚಿನ ಅಳತೆ, ಕೊನೆಗೆ ಸಾವಯವ ಪ್ರಮಾಣಪತ್ರ.

"ಇನ್‌ಸ್ಪೆಕ್ಟ್ರು ಬಂದು ಬರ್ಕೊಂಡು ಹೋದ್ರು ಸಾರ್. ಫೀಸು ನಮ್ಮ ಗುಂಪಿನದೇ."

ನನಗೆ ಅಲ್ಲೇ ಸಿಕ್ಕಿಕೊಂಡಿತು. ಪರೀಕ್ಷೆಗೆ ಕೂತವನೇ ಪರೀಕ್ಷಕನಿಗೆ ಸಂಬಳ ಕೊಟ್ಟರೆ ಅಂಕಪಟ್ಟಿಯನ್ನು ಯಾರು ನಂಬಬೇಕು?

ಇದೇ ಗುಂಗಿನಲ್ಲಿ ತಿಪಟೂರಿನ ಎಪಿಎಂಸಿ ಮಾರುಕಟ್ಟೆಗೆ ಹೋದರೆ, ಚೀಲ ತೂಗುವ ತಕ್ಕಡಿಯ ಮೇಲಿನ ಮುದ್ರೆ ಕಣ್ಣಿಗೆ ಬಿತ್ತು. ಮಂಡಿಯವರ ತಕ್ಕಡಿಯನ್ನು ರೈತ ನಂಬುವುದು ಆ ಮುದ್ರೆಯಿಂದ. ಕಾನೂನು ಮಾಪನಶಾಸ್ತ್ರ ಇಲಾಖೆಯ ಅಧಿಕಾರಿ ತನ್ನ ತೂಕದ ಬಟ್ಟಿಟ್ಟು ಪರೀಕ್ಷಿಸಿ ಒತ್ತಿದ್ದು ಅದು. ಆ ಬಟ್ಟಿನ ತೂಕವನ್ನೂ ಅದಕ್ಕಿಂತ ನಿಖರವಾದ ಬಟ್ಟಿನ ಜೊತೆ ತಾಳೆ ನೋಡಬೇಕು, ಅದನ್ನು ಪ್ರಾದೇಶಿಕ ಪ್ರಯೋಗಾಲಯದ ಬಟ್ಟಿನ ಜೊತೆ. ಅಂಥದ್ದೊಂದು ಪ್ರಯೋಗಾಲಯ ಬೆಂಗಳೂರಿನಲ್ಲೇ ಇದೆ. ಕೊನೆಗೆ ಸರಪಳಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಮುಟ್ಟುತ್ತದೆ. ಅಲ್ಲಿ ಪ್ಲಾಟಿನಂ-ಇರಿಡಿಯಂನ ಕಿಲೋಗ್ರಾಂ ಇದೆ, ಪ್ಯಾರಿಸ್ ಬಳಿಯ ಮೂಲ ಬಟ್ಟಿನ 57ನೇ ಪ್ರತಿ. 2019ರ ಮೇ 20ರಿಂದ ಆ ಮೂಲ ಬಟ್ಟಿನ ಯಜಮಾನಿಕೆಯೂ ಹೋಯಿತು; ಕಿಲೋವನ್ನು ಈಗ ಪ್ಲಾಂಕ್ ಸ್ಥಿರಾಂಕದಿಂದ ಲೆಕ್ಕ ಹಾಕುತ್ತಾರೆ. ತಿಪಟೂರಿನ ಕೊಬ್ಬರಿ ಚೀಲಕ್ಕೂ ಕ್ವಾಂಟಂ ಭೌತಶಾಸ್ತ್ರಕ್ಕೂ ನಂಟು! ಇದನ್ನು ದಲ್ಲಾಳಿಯೊಬ್ಬರಿಗೆ ಹೇಳಿದೆ. ಅವರು ಇವತ್ತಿನ ರೇಟು ಹೇಳಿದರು.

ಪ್ರಮಾಣಪತ್ರಕ್ಕೂ ಇಂಥ ಸರಪಳಿ ಬೇಕು. ಅದನ್ನೇ ಮಾನ್ಯತೆ ಅನ್ನುವುದು. ರಫ್ತಿನ ಸಾವಯವಕ್ಕೆ ಕೇಂದ್ರದ ವಾಣಿಜ್ಯ ಸಚಿವಾಲಯ 2001ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ತಂದಿತು, ಅದರ ರಫ್ತು ಅಭಿವೃದ್ಧಿ ಪ್ರಾಧಿಕಾರವಾದ ಅಪೆಡಾ ಅದನ್ನು ನಡೆಸುತ್ತದೆ. ಪ್ರಮಾಣೀಕರಿಸುವ ಸಂಸ್ಥೆಗಳು ಅಲ್ಲಿ ಮಾನ್ಯತೆ ಪಡೆಯಬೇಕು. ತೆಂಗಿನಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿ ಮೂರು ವರ್ಷ. ಪ್ರಮಾಣೀಕರಣ ಸಂಸ್ಥೆಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 17065 ಹೇಳುವುದರಲ್ಲಿ ನನಗೆ ಹಿಡಿಸಿದ್ದು ಎರಡು ಮಾತು: ತೋಟ ನೋಡಿದವನೇ ತೀರ್ಪು ಬರೆಯಬಾರದು, ಸಲಹೆ ಮಾರುವವರು ಪ್ರಮಾಣಪತ್ರ ಕೊಡಬಾರದು. ಸಾವಯವಕ್ಕೆ ಉತ್ತೇಜನ ಕೊಡುವ ಸರ್ಕಾರದ್ದೇ ಸಂಸ್ಥೆ ಪ್ರಮಾಣಪತ್ರವನ್ನೂ ಕೊಡುವುದು ನಮ್ಮ ರಾಜ್ಯದಲ್ಲಿದೆ. ತಪ್ಪೇನಲ್ಲ, ಆದರೆ ಹೊರಗಿನ ಕಣ್ಣು ಅಲ್ಲಿ ಇನ್ನೂ ಚುರುಕಾಗಿರಲಿ.

ಸರಪಳಿ ಕಡಿದರೆ ಏನಾಗುತ್ತದೆಂದು 2021ರಲ್ಲಿ ನೋಡಿದ್ದೇವೆ. ಮೇಲ್ವಿಚಾರಣೆ ಸಾಲದೆಂದು ಅಮೆರಿಕ ಆ ಜನವರಿಯಲ್ಲಿ, 2006ರಿಂದ ಭಾರತಕ್ಕೆ ಕೊಟ್ಟಿದ್ದ ಸಾವಯವ ಮನ್ನಣೆಯನ್ನು ಹಿಂತೆಗೆಯಿತು. ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಸಿಕ್ಕ ಗದ್ದಲದ ಬೆನ್ನಿಗೆ ಐರೋಪ್ಯ ಒಕ್ಕೂಟವೂ ಇಲ್ಲಿನ ಕೆಲವು ಸಂಸ್ಥೆಗಳನ್ನು ಪಟ್ಟಿಯಿಂದ ತೆಗೆಯಿತು. ನೆಟ್ಟಗೆ ಬೆಳೆದವರ ಪತ್ರವೂ ಸೋಗಿನವರ ಪತ್ರದ ಜೊತೆಗೇ ಬೆಲೆ ಕಳೆದುಕೊಂಡಿತು.

ಫೀಸಿನ ಗೊಡವೆಯೇ ಬೇಡವೆಂದರೆ ಪಿಜಿಎಸ್ ಇದೆ; ರೈತರೇ ಪರಸ್ಪರರ ತೋಟ ನೋಡಿ ಒಪ್ಪುವ ಪದ್ಧತಿ. ಖರ್ಚು ಕಡಿಮೆ, ದೇಶದೊಳಗಿನ ಮಾರಾಟಕ್ಕೆ ಸಾಕು. ಆದರೆ ಒಂದೇ ಬೋರ್‌ವೆಲ್ ನೀರು ಹಂಚಿಕೊಳ್ಳುವ, ಮಗಳ ಮದುವೆಗೆ ಚಪ್ಪರ ಹಾಕಿಕೊಟ್ಟ ಪಕ್ಕದ ತೋಟದವನು ಯೂರಿಯಾ ಎರಚಿದ್ದನ್ನು ನೋಡಿದ ರೈತ ಅದನ್ನು ಬರೆದು ಸಹಿ ಹಾಕುತ್ತಾನೆಯೇ? ನನಗಂತೂ ಅನುಮಾನ. ಫೀಸು ತಗೊಂಡೇ ಬರುವ ಅಪರಿಚಿತ ಇನ್‌ಸ್ಪೆಕ್ಟರೇ ವಾಸಿ, ಅವನ ಬೆನ್ನಿಗೆ ಹೇಳದೆ ಕೇಳದೆ ಬಂದು ತಾಳೆ ನೋಡುವ ಇನ್ನೊಬ್ಬರಿದ್ದರೆ.